ಕಿಡಿ ಹೊತ್ತುವ ಹೊತ್ತು

ಹೆಂಗಸರು ಕಾರು ಓಡಿಸುವುದು ಈಗ ನಮ್ಮ ಶಿಕಾರಿಪುರದಲ್ಲೂ ಯಾರ ಕಣ್ಣಿಗೂ ವಿಶೇಷವಲ್ಲ. ಆದರೆ ಅದೇ ಹೆಂಗಸು ಗ್ಯಾರೇಜಿನ ಮುಂದೆ ನಿಂತು "ಇದಕ್ಕೆ ಏನಾಗಿದೆ?" ಎಂದು ಕೇಳಿ ನೋಡಲಿ, ಉತ್ತರ ಬರುವುದು ಅವಳ ಪಕ್ಕದಲ್ಲಿ ನಿಂತ ಗಂಡಸಿಗೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ "ಮನೆಯವರನ್ನ ಕಳಿಸ್ರಿ ಮೇಡಂ, ಅವರಿಗೆ ಹೇಳ್ತೀವಿ" ಎಂಬ ಮಾತು ಬರುತ್ತದೆ. ಮಗುವಿಗೆ ಜ್ವರ ಬಂದಾಗ ಡಾಕ್ಟರ ಮುಂದೆ ನಾವು ಎಷ್ಟು ಪ್ರಶ್ನೆ ಕೇಳುತ್ತೇವೆ! ಜ್ವರ ಯಾಕೆ ಬಂತು, ಯಾವ ಪರೀಕ್ಷೆ ಮಾಡಿಸಬೇಕು, ಈ ಮಾತ್ರೆ ಯಾಕೆ ಎಂದು ಪೀಡಿಸುತ್ತೇವೆ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಹೇಳಿದಷ್ಟು ಹಣ ಎಣಿಸಿ ಕೊಟ್ಟು ಬರುತ್ತೇವೆ.

ನಮ್ಮ ಮನೆಯದು 1993ರ ಪ್ರೀಮಿಯರ್ 118 ಎನ್.ಇ. ಇಂದಿನ ಮಕ್ಕಳು ಅದನ್ನು ನೋಡಿ "ಇದು ಯಾವ ಕಾಲದ ಡಬ್ಬ, ಟೀಚರ್?" ಎನ್ನುತ್ತಾರೆ. ಅವರಿಗೇನು ಗೊತ್ತು! 1985ರಲ್ಲಿ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಇದನ್ನು ಹೊರತಂದಾಗ ವೇಗದ ಹುಚ್ಚಿನವರೆಲ್ಲ ಇದರ ಹಿಂದೆ ಬಿದ್ದಿದ್ದರು. ಮೈಕಟ್ಟು ಇಟಲಿಯ ಫಿಯೆಟ್ 124ರದು, ಎಂಜಿನ್ನು ಜಪಾನಿನ ನಿಸ್ಸಾನ್ ಕಂಪನಿಯ 1171 ಸಿ.ಸಿ.ಯದು. ಹೆಸರಿನಲ್ಲಿರುವ 118 ಎಂದರೆ ಆ 1.18 ಲೀಟರು, ಎನ್.ಇ. ಎಂದರೆ ನಿಸ್ಸಾನ್ ಎಂಜಿನ್. ಸ್ಟೀರಿಂಗಿನ ಪಕ್ಕದಲ್ಲಿ ಗೇರಿದ್ದ ಪದ್ಮಿನಿಯಲ್ಲಿ ಮದುವೆ ದಿಬ್ಬಣ ಹೋಗುತ್ತಿದ್ದ ಕಾಲದಲ್ಲಿ ಇದಕ್ಕೆ ಗೇರು ನೆಲದಲ್ಲಿತ್ತು, ಶಕ್ತಿ 52 ಕುದುರೆಗಳದು. ರ್‍ಯಾಲಿಗಳಲ್ಲಿ ಮಣ್ಣು ಎರಚಿಕೊಂಡು ಓಡಿದ ಕಾರು ಇದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯನ್ನು ರಾತ್ರಿಯೆಲ್ಲ ರಸ್ತೆ ಬದಿಯಲ್ಲಿ ಕೂತು ನೋಡಿದ ನಮ್ಮ ಮನೆಯವರು, ಕೈಯಲ್ಲಿ ನಾಲ್ಕು ಕಾಸು ಆದಾಗ ಸೆಕೆಂಡ್ ಹ್ಯಾಂಡ್ ಆದರೂ ಸರಿ ಇದೇ ಆಗಬೇಕೆಂದು ಹಟ ಹಿಡಿದು ತಂದರು. ಅವರಿಗೆ ಕಾರುಗಳ ಚರಿತ್ರೆಯೆಲ್ಲ ಬಾಯಿಪಾಠ. ಸ್ಕ್ರೂಡ್ರೈವರ್ ಹಿಡಿಯುವ ಅಭ್ಯಾಸ ಮಾತ್ರ ಇಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದ ಮೇಲೆ ಓಡಿಸುವವಳು ನಾನು, ಪಕ್ಕದಲ್ಲಿ ಕೂತು ವ್ಯಾಖ್ಯಾನ ಮಾಡುವವರು ಅವರು.

ಮಾರಿಬಿಡಿ ಎಂದು ಹೇಳದವರಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು. 2023ರಲ್ಲಿ ನಾವೂ ಅದನ್ನು ಕಟ್ಟಿದೆವು. ಆದರೂ ಇಟ್ಟುಕೊಂಡಿರುವುದಕ್ಕೆ ಕಾರಣ ಸೊರಬದಲ್ಲಿದ್ದಾಳೆ. ಎಂಬತ್ತು ದಾಟಿದ ನನ್ನ ಅಮ್ಮ ಅಲ್ಲಿ ದಂಡಾವತಿ ಹೊಳೆಯ ಹತ್ತಿರದ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. "ನಿನ್ನಪ್ಪ ಕಟ್ಟಿಸಿದ ಮನೆ ಬಿಟ್ಟು ಎಲ್ಲೂ ಬರೂದಿಲ್ಲ" ಎನ್ನುವುದು ಅವಳ ಕೊನೆಯ ಮಾತು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಸುಮಾರು ನಲವತ್ತು ಕಿಲೋಮೀಟರು. ಹಗಲಾದರೆ ಬಸ್ಸುಂಟು. ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರು ಫೋನು ಮಾಡಿ "ಅಮ್ಮಂಗೆ ಉಸಿರು ಹಿಡಿದಂಗೆ ಆಗೈತಿ" ಎಂದರೆ ಕಾರೇ ಗತಿ. ನಿವೃತ್ತಿಯ ಹೊಸ್ತಿಲಲ್ಲಿ ನಿಂತು ಹೊಸ ಕಾರಿಗೆ ಸಾಲ ಮಾಡುವ ಧೈರ್ಯ ನಮಗಿಲ್ಲ. ಹೀಗಾಗಿ ಈ ಹಳೇ ಕುದುರೆ ಓಡಲೇಬೇಕು.

2024ರ ಮಳೆಗಾಲದಲ್ಲಿ ಅದು ಮುನಿಸಿಕೊಂಡಿತು. ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲೇ ಚೆನ್ನಾಗಿ ಉರಿಯುತ್ತಿತ್ತು. ರಸ್ತೆಗೆ ಬಂದು ಟಾಪ್ ಗೇರಿಗೆ ಹಾಕಿದರೆ ಪಿಕಪ್ಪೇ ಇಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಬರುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಶಿರಾಳಕೊಪ್ಪ ದಾಟುವ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಪೆಟ್ರೋಲು ಕುಡಿಯುವುದಂತೂ ಕೇಳಲೇಬೇಡಿ.

ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಹುಡುಗ ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, "ಎಂಜಿನ್ ಮುಗಿದೈತಿ, ಬೋರ್ ಮಾಡಿಸಬೇಕು, ಎಪ್ಪತ್ತು ಸಾವಿರ ಇಟ್ಕೊಳ್ಳಿ" ಎಂದ. ಎರಡನೆಯವನು ಕಾರ್ಬೊರೇಟರ್ ಬಿಚ್ಚಿ ತೊಳೆದು ಹಣ ಪಡೆದ. ಮೂರನೆಯವನು "ಟೈಮಿಂಗ್ ಹಿಂದೆ ಬಿದ್ದಿದೆ" ಎಂದು ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕಿವಿಯಲ್ಲೇ ಕೇಳಿಕೊಂಡು ಒಂದಿಷ್ಟು ತಿರುಗಿಸಿದ. ಕಾರು ಓಡಿತು! ಆದರೆ ಅಮ್ಮನ ಮನೆಯಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಹೇರಿಕೊಂಡು ಏರು ಹತ್ತುವಾಗ, ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು. "ನಾಕಿಂಗ್! ನಾಕಿಂಗ್!" ಎಂದು ನಮ್ಮವರು ಪಕ್ಕದಲ್ಲಿ ಚಡಪಡಿಸಿದರು. ಹಿಂದಕ್ಕೆ ತಿರುಗಿಸಿದರೆ ಸದ್ದು ಹೋಯಿತು, ಜೊತೆಗೆ ಪಿಕಪ್ಪೂ ಹೋಯಿತು. ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ ಇರಬೇಕು.

ಕೊನೆಗೆ ಸಿಕ್ಕವರು ನಮ್ಮೂರಿನವರೇ ಆದ ಒಬ್ಬ ವಯಸ್ಸಾದ ಮೇಸ್ತ್ರಿ. ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟು ಹುಚ್ಚರಾಯನ ಗುಡಿಗೆ ಹೋಗಿ ಬಂದುಕೊಂಡು ಇದ್ದವರು. ಎಳೆಯ ವಯಸ್ಸಿನಲ್ಲಿ ಮೈಸೂರಿನ ಜಾವಾ, ಯೆಜ್ಡಿ ಬೈಕುಗಳ ಮೇಲೆ ಕೈ ಪಳಗಿಸಿಕೊಂಡವರಂತೆ. 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಬೈಕುಗಳಲ್ಲಿ ಪ್ಲಗ್ಗಿನ ತೂತಿನೊಳಗೆ ಅಳತೆ ಇಳಿಸಿ, ಪಿಸ್ಟನ್ನು ತುದಿ ಮುಟ್ಟಲು ಎಷ್ಟು ಮಿಲಿಮೀಟರ್ ಇದೆ ಎಂದು ನೋಡಿ ಕಿಡಿಯ ಹೊತ್ತು ಗೊತ್ತು ಮಾಡುತ್ತಿದ್ದರು. ಅವರು ಬಾನೆಟ್ ಎತ್ತುವ ಮೊದಲು ನನ್ನ ಮುಖ ನೋಡಿದರು.

"ಅಕ್ಕೋರೇ, ಓಡ್ಸೋರು ನೀವಲ್ಲ? ನೀವೇ ಹೇಳ್ರಿ. ಕಟಕಟ ಅನ್ನೋದು ಯಾವಾಗ? ಎಂಜಿನ್ ತಣ್ಣಗಿದ್ದಾಗೋ, ಕಾದ ಮೇಲೋ? ಯಾವ ಗೇರಲ್ಲಿ? ಕಾಲು ಪೂರ್ತಿ ಒತ್ತಿದಾಗೋ, ಅರ್ಧಕ್ಕೋ?"

ಆ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವಳು ನಾನೊಬ್ಬಳೇ. ಹೇಳಿದೆ: ನಿಂತಾಗ ಚೆನ್ನಾಗಿದೆ, ಟಾಪ್ ಗೇರಿನಲ್ಲಿ ಎಳೆಯುವುದಿಲ್ಲ, ಭಾರ ಹೇರಿ ನಿಧಾನವಾಗಿ ಏರುವಾಗ ಕಟಕಟ, ಹಿಂದಕ್ಕೆ ತಿರುಗಿಸಿದಾಗ ಬಿಸಿ. ಮೇಸ್ತ್ರಿ ತಲೆಯಾಡಿಸಿ "ಅರ್ಧ ಕೆಲಸ ನೀವೇ ಮಾಡಿದ್ರಿ" ಎಂದರು.

ಓದುಗರೇ, ಅಲ್ಲಿ ಕಲಿತದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದೀರಿ. ಉಕ್ಕಿದ ಮೇಲೆ ಒಲೆ ಆರಿಸಿದರೆ ಹಾಲು ಕಟ್ಟೆಯ ಮೇಲಿರುತ್ತದೆ. ಉಕ್ಕುವುದಕ್ಕೆ ಒಂದು ಗಳಿಗೆ ಮೊದಲೇ ಆರಿಸಬೇಕು. ಉರಿ ಜೋರಾಗಿದ್ದರೆ ಇನ್ನೂ ಮೊದಲು ಕೈ ಚಾಚಬೇಕು. ಎಂಜಿನ್ನಿನಲ್ಲೂ ಅಷ್ಟೇ. ಪಿಸ್ಟನ್ನು ಮೇಲೇರಿ ಪೆಟ್ರೋಲು ಗಾಳಿಯ ಮಿಶ್ರಣವನ್ನು ಒತ್ತುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬೆಂಕಿ ಮಿಶ್ರಣದ ತುಂಬ ಹಬ್ಬುವುದಕ್ಕೆ ಒಂದಷ್ಟು ಕಾಲ ಬೇಕು. ಪಿಸ್ಟನ್ನು ತುದಿ ಮುಟ್ಟಿ ಕೆಳಗಿಳಿಯಲು ತೊಡಗಿದಾಗ ಒತ್ತಡ ಪೂರ್ತಿ ಸಿಗಬೇಕಾದರೆ ಕಿಡಿ ಅದಕ್ಕಿಂತ ಮೊದಲೇ ಹಾರಬೇಕು.

ಎಷ್ಟು ಮೊದಲು? ಲೆಕ್ಕಕ್ಕೆ ಬೆಂಕಿ ಹಬ್ಬಲು 2 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐನೂರನೆಯ ಒಂದು ಭಾಗ ಬೇಕೆಂದು ಇಟ್ಟುಕೊಳ್ಳಿ. ಎಂಜಿನ್ನು ನಿಮಿಷಕ್ಕೆ 900 ಸುತ್ತು ತಿರುಗುವಾಗ ಅಷ್ಟರಲ್ಲಿ ಸುಮಾರು 11 ಡಿಗ್ರಿ ಸುತ್ತಿರುತ್ತದೆ. 3000 ಸುತ್ತು ತಿರುಗುವಾಗ ಅದೇ ಹೊತ್ತಿನಲ್ಲಿ 36 ಡಿಗ್ರಿ. ನಿಜವಾದ ಎಂಜಿನ್ನಿನಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಆದರೆ ದಾರಿ ಇದೇ: ವೇಗ ಏರಿದಂತೆ ಕಿಡಿ ಮುಂಚೆ ಮುಂಚೆ ಬರಬೇಕು. ತಡವಾದರೆ ಬೆಂಕಿ ಪಿಸ್ಟನ್ನಿನ ಬೆನ್ನಟ್ಟಿಕೊಂಡು ಹೋಗುತ್ತದೆ. ಶಕ್ತಿಯೆಲ್ಲ ಶಾಖವಾಗಿ ಸೈಲೆನ್ಸರಿಗೂ ರೇಡಿಯೇಟರಿಗೂ ಹೋಗುತ್ತದೆ. ತೀರ ಮುಂಚೆಯಾದರೆ ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಬೀಳುತ್ತದೆ, ಉಳಿದ ಮಿಶ್ರಣ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಆ ಕಟಕಟ ಅದೇ. ಹಾಗೇ ಓಡಿಸುತ್ತ ಹೋದರೆ ಪಿಸ್ಟನ್ನಿನ ತಲೆ ತೂತಾಗುವವರೆಗೂ ಹೋಗಬಹುದು.

ಮೇಸ್ತ್ರಿ ಮೊದಲು ಮಾಡಿದ್ದು ಬೋರಿನ ಮಾತನ್ನು ಪರೀಕ್ಷೆಗೆ ಒಡ್ಡಿದ್ದು. ನಾಲ್ಕೂ ಪ್ಲಗ್ಗು ಬಿಚ್ಚಿ, ಒಂದೊಂದು ತೂತಿಗೂ ಕಂಪ್ರೆಷನ್ ಗೇಜ್ ಒತ್ತಿ ಹಿಡಿದು ನನ್ನಿಂದ ಸೆಲ್ಫ್ ಹೊಡೆಸಿದರು. ನಾಲ್ಕರಲ್ಲೂ ಮುಳ್ಳು ಹೆಚ್ಚು ಕಡಿಮೆ ಒಂದೇ ಎತ್ತರಕ್ಕೆ ಏರಿತು. "ಎಂಜಿನ್ ಮುಗಿದಿದ್ರೆ ಹಿಂಗೆ ನಾಲ್ಕೂ ಎದೆ ಕೊಟ್ಟು ನಿಲ್ತಿದ್ವಾ? ಎಪ್ಪತ್ತು ಸಾವಿರ ಬ್ಯಾಂಕಲ್ಲೇ ಇರ್ಲಿ ಬಿಡ್ರಿ" ಎಂದರು. ಐದು ನಿಮಿಷದ ಈ ಪರೀಕ್ಷೆಯನ್ನು ಅದುವರೆಗೆ ಯಾರೂ ಮಾಡಿರಲಿಲ್ಲ.

ಆಮೇಲೆ ಡಿಸ್ಟ್ರಿಬ್ಯೂಟರ್. ಮೇಸ್ತ್ರಿಯ ಬಾಯಲ್ಲಿ ಅದು 'ಡೆಲ್ಕೋ'. ಮುಚ್ಚಳ ತೆಗೆದರೆ ಒಳಗೆ ಪಾಯಿಂಟು. ಪಾಯಿಂಟಿನ ಎರಡು ಮುಖ ಕೂಡಿದಾಗ ಕಾಯಿಲಿಗೆ ಕರೆಂಟು ಹರಿಯುತ್ತದೆ, ಅಗಲಿದ ಗಳಿಗೆಯಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪೂರ್ತಿ ಅಗಲಿದಾಗ ನಡುವಿನ ಸಂದು ನಮ್ಮ ಎಂಜಿನ್ನಿಗೆ 0.45ರಿಂದ 0.55 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಅಳೆದರೆ ಸಂದು ಕಡಿಮೆಯಾಗಿತ್ತು. ಪಾಯಿಂಟನ್ನು ತಳ್ಳುವ ಹಿಮ್ಮಡಿ ಸವೆದಂತೆಲ್ಲ ಸಂದು ಕಿರಿದಾಗುತ್ತದೆ, ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿ ಹಿಂದೆ ಬೀಳುತ್ತದೆ. ಆದ್ದರಿಂದ ಮೊದಲು ಸಂದು, ಆಮೇಲೆ ಟೈಮಿಂಗು. ಈ ಕ್ರಮ ತಪ್ಪಿದರೆ ಮಾಡಿದ ಟೈಮಿಂಗು ಮತ್ತೆ ಕದಲುತ್ತದೆ.

ಹೊಸ ಪಾಯಿಂಟು ಹಾಕಿ ಸಂದು ಹೊಂದಿಸಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ಮೊದಲನೆಯ ಸಿಲಿಂಡರಿನ ಕಿಡಿಯ ಹೊತ್ತಿಗೆ ಸರಿಯಾಗಿ ಪುಲ್ಲಿಯ ಗೆರೆಯನ್ನು ಪುಸ್ತಕದಲ್ಲಿ ಹೇಳಿದ ಡಿಗ್ರಿಯ ಎದುರಿಗೆ ನಿಲ್ಲಿಸಿದರು. ಒಂದು ಸಣ್ಣ ಬಲ್ಬಿನ ಒಂದು ವೈರನ್ನು ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ವೈರಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಸಿಕ್ಕಿಸಿದರು. ಚಾವಿ ಆನ್. ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದರೆ ಪಾಯಿಂಟು ತೆರೆಯುವ ಗಳಿಗೆಗೆ ಬಲ್ಬು ಹೊತ್ತುತ್ತದೆ. ಅಲ್ಲಿಗೆ ಬೋಲ್ಟು ಬಿಗಿ. ಆ ಬಲ್ಬು ಹೊತ್ತಿದಾಗ ನನಗಾದ ಸಂತೋಷಕ್ಕೆ, ತಿಂಗಳುಗಟ್ಟಲೆ ಕಾಗುಣಿತ ಬಾರದಿದ್ದ ಹುಡುಗ ಒಂದು ದಿನ ತಾನಾಗಿ ಒಂದು ಸಾಲು ಓದಿದಾಗಿನ ಸಂತೋಷವೇ ಸಾಟಿ.

ಇಷ್ಟಾದರೂ ರೋಗದ ಮೂಲ ಇನ್ನೂ ಒಳಗೇ ಇತ್ತು. ಮೇಸ್ತ್ರಿ ಮಗನ ಗ್ಯಾರೇಜಿನಿಂದ ಟೈಮಿಂಗ್ ಲೈಟ್ ತರಿಸಿದರು. ಮೊದಲನೆಯ ಪ್ಲಗ್ಗಿನ ವೈರಿಗೆ ಅದರ ಚಿಮಟ ಕಚ್ಚಿಸಿದರೆ, ಕಿಡಿ ಹಾರಿದಾಗಲೆಲ್ಲ ದೀಪ ಮಿಂಚುತ್ತದೆ. ಗಿರಗಿರನೆ ತಿರುಗುವ ಪುಲ್ಲಿಯ ಗೆರೆ ನಿಂತ ಹಾಗೆ ಕಾಣುತ್ತದೆ. ಕಾರ್ಬೊರೇಟರಿನಿಂದ ಬರುವ ವ್ಯಾಕ್ಯೂಮ್ ಪೈಪನ್ನು ಬಿಚ್ಚಿ ತುದಿ ಮುಚ್ಚಿದರು. ನಿಂತ ವೇಗದಲ್ಲಿ ಗೆರೆ ಸರಿಯಾದ ಜಾಗದಲ್ಲಿತ್ತು. "ಅಕ್ಕೋರೇ, ರೇಸ್ ಮಾಡ್ರಿ" ಎಂದರು. ಎಂಜಿನ್ನು ಬೊಬ್ಬಿರಿಯಿತು. ಗೆರೆ ಕದಲಲಿಲ್ಲ.

"ನೋಡ್ರಿ, ಇದೇ ಕಳ್ಳ" ಎಂದು ಮೇಸ್ತ್ರಿ ಎಂಜಿನ್ ಆರಿಸಿದರು.

ವೇಗ ಏರಿದರೆ ಗೆರೆ ಸರಿಯಬೇಕು. ಸರಿಸುವುದಕ್ಕೆಂದೇ ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗೆ ಎರಡು ಸಣ್ಣ ಲೋಹದ ತೂಕಗಳಿವೆ, ಅವುಗಳಿಗೆ ಎರಡು ಸ್ಪ್ರಿಂಗು. ಜೋರಾಗಿ ತಿರುಗಿದಾಗ ಜಾತ್ರೆಯ ತಿರುಗುವ ತೊಟ್ಟಿಲುಗಳ ಹಾಗೆ ತೂಕಗಳು ಹೊರಕ್ಕೆ ಚಾಚುತ್ತವೆ, ಕಿಡಿಯನ್ನು ಮುಂಚೆ ತರುತ್ತವೆ. ವೇಗ ಇಳಿದರೆ ಸ್ಪ್ರಿಂಗು ಒಳಕ್ಕೆ ಎಳೆಯುತ್ತದೆ. ಮೇಸ್ತ್ರಿ ರೋಟರನ್ನು ಬೆರಳಲ್ಲಿ ತಿರುಚಿ ಬಿಟ್ಟರು. ಟಕ್ಕನೆ ಹಿಂದಕ್ಕೆ ಬರಬೇಕಾದದ್ದು ಅಲುಗಲೇ ಇಲ್ಲ. ತಟ್ಟೆ ಬಿಚ್ಚಿದರೆ, ವರ್ಷಾನುಗಟ್ಟಲೆಯ ಗ್ರೀಸು ಒಣಗಿ ಮೇಣವಾಗಿ, ಮಲೆನಾಡಿನ ತೇವಕ್ಕೆ ತುಕ್ಕು ಕೂಡಿ, ತೂಕಗಳು ಕಚ್ಚಿ ಕೂತಿದ್ದವು.

ಮೂರು ಜನರಿಗೆ ಬಗೆಹರಿಯದ ಗಂಟು ಆಗ ಬಿಚ್ಚಿತು. ನಮ್ಮ ಕಾರಿಗೆ ಕಿಡಿಯ ಹೊತ್ತು ಎಲ್ಲ ವೇಗಕ್ಕೂ ಒಂದೇ ಆಗಿಬಿಟ್ಟಿತ್ತು. ನಿಂತಾಗ ಸರಿಯಾಗುವಂತೆ ಇಟ್ಟರೆ ಓಡುವಾಗ ತಡ. ಓಡುವಾಗ ಸರಿಯಾಗುವಂತೆ ಮುಂದೆ ತಿರುಗಿಸಿದರೆ, ಭಾರ ಹೊತ್ತು ನಿಧಾನವಾಗಿ ಏರುವಾಗ ತೀರ ಮುಂಚೆ. ಹೊರಗಿನ ಬೋಲ್ಟನ್ನು ಯಾವ ಕಡೆ ಎಷ್ಟು ತಿರುಗಿಸಿದರೂ ಇದಕ್ಕೆ ಉತ್ತರವಿಲ್ಲ. ಸರಿಯಾದ ಹೊತ್ತು ಒಂದೇ ಅಲ್ಲ, ಅದು ವೇಗದ ಜೊತೆ ಬದಲಾಗಬೇಕು. ಬದಲಾಯಿಸುವ ಅಂಗವೇ ಜಡ್ಡುಗಟ್ಟಿತ್ತು. ನಲವತ್ತು ಮಕ್ಕಳ ತರಗತಿಗೆ ಒಂದೇ ವೇಗದಲ್ಲಿ ಪಾಠ ಮಾಡಿಕೊಂಡು ಹೋಗುವ ಗೋಳು ಬಲ್ಲ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಸೀಮೆಎಣ್ಣೆಯಲ್ಲಿ ತೂಕಗಳನ್ನು ತೊಳೆದು, ತುಕ್ಕು ಉಜ್ಜಿ, ಹನಿ ಎಣ್ಣೆ ಬಿಟ್ಟು ಕೂಡಿಸಿದರು. ವ್ಯಾಕ್ಯೂಮ್ ಡಬ್ಬಿಯ ಪೈಪನ್ನು ಬಾಯಲ್ಲಿಟ್ಟು ಹೀರಿ, ನಾಲಿಗೆಯಿಂದ ಮುಚ್ಚಿ ಹಿಡಿದು ನೋಡಿದರು. ಒಳಗಿನ ತೆಳು ಪೊರೆ ಹರಿದಿದ್ದರೆ ಗಾಳಿ ನಿಲ್ಲುವುದಿಲ್ಲ, ನಮ್ಮದು ನಿಂತಿತು. ಕಾಲನ್ನು ಹಗುರವಾಗಿಟ್ಟು ಒಂದೇ ಸಮ ಓಡಿಸುವಾಗ ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆಯಾದ್ದರಿಂದ, ಕಿಡಿಯನ್ನು ಇನ್ನಷ್ಟು ಮುಂಚೆ ತರುವುದು ಈ ಡಬ್ಬಿಯ ಕೆಲಸ. ಅದು ಕೆಟ್ಟರೆ ಪೆಟ್ರೋಲು ಹೆಚ್ಚು ಹೋಗುತ್ತದೆ. ಮತ್ತೆ ಬಲ್ಬು, ಮತ್ತೆ ಟೈಮಿಂಗ್ ಲೈಟು. ಈ ಸಲ ರೇಸ್ ಮಾಡಿದಾಗ ಗೆರೆ ಮೆಲ್ಲಗೆ ಸರಿಯಿತು, ಕಾಲು ತೆಗೆದಾಗ ತನ್ನ ಜಾಗಕ್ಕೆ ಬಂತು. ಪಾಯಿಂಟು, ಕಂಡೆನ್ಸರು, ಪ್ಲಗ್ಗು, ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ.

'ಡೆಲ್ಕೋ' ಎಂದರೇನು ಎಂದು ಮೇಸ್ತ್ರಿಯನ್ನು ಕೇಳಿದೆ. "ನಮ್ಮ ಗುರುಗಳು ಹಂಗಂತಿದ್ರು" ಎಂದರು. ಉತ್ತರ ಹೇಳಿದವರು ನಮ್ಮ ಮನೆಯವರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ಬ್ಯಾಟರಿ, ಕಾಯಿಲು, ಪಾಯಿಂಟುಗಳ ಈ ಏರ್ಪಾಟನ್ನು ರೂಪಿಸಿ 1910ರ ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ. ಅವನ ಕಂಪನಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್. ಅದರ ಮೊದಲಕ್ಷರಗಳೇ ಡೆಲ್ಕೋ. ಊರು ದಾಟಿ, ಕಡಲು ದಾಟಿ, ಶಿಕಾರಿಪುರದ ಮೇಸ್ತ್ರಿಯ ನಾಲಿಗೆಯ ಮೇಲೆ ಆ ಹೆಸರು ಕೂತಿದೆ. ಅದಕ್ಕೂ ಮುಂಚಿನ ಕಥೆಯೊಂದು ನನಗೆ ಹೆಚ್ಚು ಪ್ರಿಯ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಹೆಂಗಸು ಗಂಡನಿಗೆ ಹೇಳದೆ ಅವನ ಹೊಸ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ನೂರು ಕಿಲೋಮೀಟರಿಗೂ ದೂರದ ತವರಿಗೆ ಹೊರಟಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಕಿಡಿ ಕೊಡುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿ ಮುಂದೆ ಹೋದಳಂತೆ. ಮೋಟಾರಿನಲ್ಲಿ ಮೊದಲ ದೂರಪ್ರಯಾಣ ಮಾಡಿದವಳು ಹೆಂಗಸು. ಅದೂ ಅಮ್ಮನನ್ನು ನೋಡಲು ಹೊರಟವಳು!

ಇವತ್ತಿನ ಗ್ಯಾರೇಜಿನ ಹುಡುಗರನ್ನು ನಾನು ದೂರುವುದಿಲ್ಲ. ಈಗಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ತೂಕಗಳೂ ಇಲ್ಲ. ಕಟಕಟ ಸದ್ದನ್ನು ಕೇಳಿಸಿಕೊಳ್ಳಲು ಎಂಜಿನ್ನಿಗೇ ಒಂದು ಎಲೆಕ್ಟ್ರಾನಿಕ್ ಕಿವಿ ಇಟ್ಟು, ಕಿಡಿಯ ಹೊತ್ತನ್ನು ಕ್ಷಣಕ್ಷಣಕ್ಕೂ ಕಂಪ್ಯೂಟರೇ ತಿದ್ದಿಕೊಳ್ಳುತ್ತದೆ. ಆ ಹುಡುಗರು ಒಣಗಿದ ಗ್ರೀಸಿನ ತೂಕಗಳನ್ನು ನೋಡುವುದೆಲ್ಲಿ ಬಂತು? ಆದರೆ ಗೊತ್ತಿಲ್ಲದ್ದಕ್ಕೆ "ಎಂಜಿನ್ ಮುಗಿದಿದೆ" ಎಂಬ ಹೆಸರಿಟ್ಟು ಎಪ್ಪತ್ತು ಸಾವಿರ ಹೇಳುವುದಕ್ಕೆ ನನ್ನ ತಕರಾರಿದೆ. ಅದನ್ನು ತಡೆಯುವ ದಾರಿ ಒಂದೇ: ಅಳೆದು ತೋರಿಸಿ ಎಂದು ಕೇಳುವುದು.

ಹಳೇ ಕಾರಿಟ್ಟುಕೊಂಡವರಿಗೆ ಇನ್ನೊಂದು ಮಾತು. 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ತುಂಬ ಹಬ್ಬಿತು. ಎಥನಾಲಿಗೆ ನಾಕಿಂಗ್ ತಡೆಯುವ ಗುಣ ಹೆಚ್ಚು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಹಳೇ ಕಾಲದ ರಬ್ಬರನ್ನು ಅದು ಹಾಳು ಮಾಡಬಲ್ಲದು. ಪೆಟ್ರೋಲಿನ ಪೈಪುಗಳನ್ನು ನಾವು ಬದಲಾಯಿಸಿದ್ದೇವೆ. ನೀವೂ ಒಮ್ಮೆ ಮುಟ್ಟಿ ನೋಡಿ. ಜಿಗುಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ತಡ ಮಾಡಬೇಡಿ.

ನನ್ನ ಹತ್ತಿರ ಈಗ ಒಂದು ಫೀಲರ್ ಗೇಜು, ಎರಡು ವೈರಿನ ಒಂದು ಬಲ್ಬು, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದು ಪುಟ್ಟ ಡಬ್ಬಿ ಇವೆ. ಮುಗಿದುಹೋದ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ತಾರೀಕು, ಕಿಲೋಮೀಟರು, ಪಾಯಿಂಟಿನ ಸಂದು, ಹಾಕಿದ ಪೆಟ್ರೋಲು ಬರೆದಿಡುತ್ತೇನೆ. ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು, ರೋಟರಿನ ಕೆಳಗಿನ ಬತ್ತಿಗೆ ಎರಡೇ ಹನಿ ಎಣ್ಣೆ ಬಿಡುತ್ತೇನೆ. ಮೂರನೆಯ ಹನಿ ಬಿದ್ದರೆ ಪಾಯಿಂಟಿಗೆ ಎಣ್ಣೆ ತಾಗಿ ಕರಕಾಗುತ್ತದೆ ಎಂದು ಮೇಸ್ತ್ರಿ ಎಚ್ಚರಿಸಿದ್ದಾರೆ.

2025ರ ಜುಲೈಯಲ್ಲಿ ಅಮ್ಮನ ಪಕ್ಕದ ಮನೆಯಿಂದ ಒಂದು ರಾತ್ರಿ ಫೋನು ಬಂತು. ಸುರಿಯುವ ಮಳೆಯಲ್ಲಿ, ಎದುರಿಗೆ ಜೋಳದ ಲಾರಿಗಳ ಬೆಳಕಿನಲ್ಲಿ ಸೊರಬಕ್ಕೆ ಹೋದೆವು. ಎಲ್ಲೂ ಕಟಕಟ ಇಲ್ಲ, ಬಿಸಿ ಇಲ್ಲ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಾಕಿಸಿದಾಗ "ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕಷ್ಟವಾಗುತ್ತಿತ್ತು" ಎಂದರು ಡಾಕ್ಟರು. ಎರಡು ದಿನ ಬಿಟ್ಟು ಮನೆಗೆ ಕರೆದುಕೊಂಡು ಬರುವಾಗ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದ ಅಮ್ಮ, "ಈ ಕಾರು ಮಾರ್‍ತೀನಿ ಅಂತಿದ್ರಲ್ಲ, ಯಾಕೆ ಮಾರಲಿಲ್ಲ?" ಎಂದು ಕೇಳಿದಳು. ನಮ್ಮವರು ಉತ್ತರ ಕೊಡಲು ಕೆಟರಿಂಗ್‌ನಿಂದ ಶುರು ಮಾಡಿದರು. ಸೊರಬದ ಮನೆ ಬರುವವರೆಗೂ ಅದು ಮುಗಿಯಲಿಲ್ಲ.